ಹತ್ತನೇ ಕ್ಲಾಸ್ ಮುಗಿದ ಮೇಲೆ ನನ್ನ ಮಗಳು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ಸಾಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. 2 ಎಕರೆ ಅಡಿಕೆ ತೋಟ, ಜೊತೆಗೆ ಯಜಮಾನರಿಗೆ ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ. ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಗಳಿಗೆ 16 ತುಂಬಿ ನಾಲ್ಕು ತಿಂಗಳಾಯಿತು. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ, ಡೌನ್ ಸಿಂಡ್ರೋಮ್. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ 9ನೇ ಕ್ಲಾಸ್, ವಿಶೇಷ ಮಕ್ಕಳಿಗೆ ಕಲಿಸುವ ಬಿಐಇಆರ್‌ಟಿ ಮೇಡಂ ಆಗಾಗ ಬಂದು ನೋಡಿ ಹೋಗುತ್ತಾರೆ. ತನ್ನ ಹೆಸರು ಬರೆಯುತ್ತಾಳೆ, 20ರವರೆಗೆ ಎಣಿಸುತ್ತಾಳೆ. ಮಾತು ಸ್ವಲ್ಪ ತೊದಲು, ಆದರೆ ಮನೆಯವರಿಗೆ ಎಲ್ಲ ತಿಳಿಯುತ್ತದೆ. ಶಾಲೆ ಎಂದರೆ ಪ್ರಾಣ. ಭಾನುವಾರವೂ ಯೂನಿಫಾರ್ಮ್ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾಳೆ.

ಕಳೆದ ವಾರ ಪೋಷಕರ ಸಭೆಯಲ್ಲಿ ಒಬ್ಬ ಮೇಷ್ಟರು, "ಇನ್ನೊಂದು ವರ್ಷ ದಾಟಿಸಿಬಿಡಿ ಅಮ್ಮ, ಆಮೇಲೆ ಹೇಗೂ ಮನೆಯಲ್ಲಿ ನಿಮ್ಮ ಕೈಗೆ ಆಸರೆಯಾಗಿ ಇರ್ತಾಳೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೀಗ 43. ನನಗೆ 70 ಆಗುವಾಗ ಅವಳಿಗೆ 43. ಈ ಲೆಕ್ಕ ಮಾಡುತ್ತಲೇ ಬೆಳಗಾಯಿತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆಯವರು, ಬಡವರ ಮನೆ ಹುಡುಗ ಯಾರಾದರೂ ಸಿಕ್ಕರೆ ಮದುವೆ ಮಾಡಿಬಿಡಿ ಅನ್ನುತ್ತಾರೆ. ನನ್ನ ಅಣ್ಣ, ತೋಟವನ್ನು ಮಗನ ಹೆಸರಿಗೆ ಮಾಡಿ, ಅವನೇ ತಂಗಿಯನ್ನು ನೋಡಿಕೊಳ್ಳುತ್ತಾನೆ ಅಂತ. ಬರೆಯುವುದಕ್ಕೂ ಸಂಕಟವಾಗುತ್ತದೆ, ಹತ್ತಿರದ ನೆಂಟರೊಬ್ಬರು "ಮುಟ್ಟಿನ ತಾಪತ್ರಯ ಯಾಕೆ, ಆಪರೇಷನ್ ಮಾಡಿಸಿ ಗರ್ಭಕೋಶ ತೆಗೆಸಿಬಿಡಿ, ಮುಂದಕ್ಕೂ ಭಯ ಇರಲ್ಲ" ಎಂದರು. ಅವಳು ಪಕ್ಕದಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದಳು.

ಅವಳು ಏನು ಮಾಡಬಲ್ಲಳು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಇಂಥದ್ದರಲ್ಲಿ ಜಾಣೆ ಅಂತ ಹೇಳುವುದಕ್ಕೆ ಏನೂ ಹೊಳೆಯುವುದಿಲ್ಲ. ಯಾವ ಕಾಗದ ಪತ್ರ ಮಾಡಿಸಬೇಕು, ಯಾವಾಗ ಶುರು ಮಾಡಬೇಕು? ಈ ದಾರಿಯಲ್ಲಿ ಮುಂದೆ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಪಂಚಾಯ್ತಿ ವಿಆರ್‌ಡಬ್ಲ್ಯೂ, ಹಾವೇರಿ ಜಿಲ್ಲೆ

ನಮಸ್ಕಾರ ಮೇಡಂ. ನಾನು ಒಂದು ಗ್ರಾಮ ಪಂಚಾಯ್ತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತೆ (ವಿಆರ್‌ಡಬ್ಲ್ಯೂ). ನನಗೂ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಕ್ಯಾಲಿಪರ್ ಇದೆ. ಹನ್ನೊಂದು ವರ್ಷದಿಂದ ಇದೇ ಕೆಲಸ.

ಕಾಗದ ಪತ್ರಕ್ಕಿಂತ ಮೊದಲು ಆ ಆಪರೇಷನ್ ಮಾತು. ನಿಮ್ಮ ಮನೆಯಲ್ಲಿ ಅದನ್ನು ಇನ್ನೊಮ್ಮೆ ಯಾರೂ ಎತ್ತಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿದೆ: ತಿಳಿದು, ತಾನಾಗಿ ಒಪ್ಪದ ಹೊರತು ಮಕ್ಕಳಾಗದಂತೆ ಮಾಡುವ ಯಾವ ವೈದ್ಯಕೀಯ ಕ್ರಮಕ್ಕೂ ವಿಕಲಚೇತನರನ್ನು ಒಳಪಡಿಸುವಂತಿಲ್ಲ. ಕಾನೂನು ಹಾಗಿರಲಿ. ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಮುಟ್ಟಬಾರದವರು ಮುಟ್ಟುವುದು ನಿಲ್ಲುವುದಿಲ್ಲ. ಬಸಿರಾಗುವುದಿಲ್ಲವಾದ್ದರಿಂದ ಅದು ನಿಮಗೆ ಗೊತ್ತೂ ಆಗುವುದಿಲ್ಲ. ನಾನು ಇಂಥ ಮನೆಗಳಿಗೆ ಹೋಗಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ.

ಅದರ ಬದಲು ಅವಳಿಗೇ ಕಲಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಅವಳ ಕೈಯಿಂದಲೇ ಕೆಂಪು ಚುಕ್ಕಿ ಇಡಿಸಿ. ಪ್ಯಾಡ್ ಎಲ್ಲಿಡಬೇಕು ಅಂತ ತಿಳಿಯಲು ಒಂದೆರಡು ಒಳಉಡುಪಿನ ಮೇಲೆ ಗೆರೆ ಹೊಲಿದುಕೊಡಿ. ನಾನು ಗೊತ್ತಿರುವ ಇಬ್ಬರು ಹುಡುಗಿಯರಿಗೆ ಹೀಗೇ ಕಲಿಸಿದ್ದು, ಒಬ್ಬಳಿಗೆ ಆರು ತಿಂಗಳು ಹಿಡಿಯಿತು, ಕಲಿತಳು. ಮೈಯ ಭಾಗಗಳ ಹೆಸರು ನಾಚಿಕೆಯಿಲ್ಲದೆ ಹೇಳಿಕೊಡಿ. ಯಾರು ಮುಟ್ಟಬಹುದು, ಯಾರು ಬೇಡ, ಬೇಡವಾದರೆ ಜೋರಾಗಿ ಕೂಗುವುದು, ಬಂದು ಯಾರಿಗೆ ಹೇಳುವುದು. ತೊದಲು ಮಾತಿನ ಮಗು "ಬೇಡ" ಅನ್ನುವ ಒಂದು ಮಾತನ್ನಾದರೂ ಹೊರಗಿನವರಿಗೂ ತಿಳಿಯುವ ಹಾಗೆ ಹೇಳಬೇಕು.

ಇನ್ನು ದಾಖಲೆ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಇದೆಯಾ? ಇದ್ದರೆ ತೆಗೆದು ಅವಧಿ ನೋಡಿ. ಮಕ್ಕಳಿಗೆ ಎಷ್ಟೋ ಸಲ ತಾತ್ಕಾಲಿಕ ಅಂತ ಕೊಟ್ಟಿರುತ್ತಾರೆ, ಮುಗಿದ ಮೇಲೆ ಪಿಂಚಣಿಗೆ ಹೋದಾಗ ಅಲ್ಲೇ ಸಿಕ್ಕಿಬೀಳುತ್ತೇವೆ. 15 ತುಂಬಿದ ಮೇಲೆ ಆಧಾರ್ ಬಯೋಮೆಟ್ರಿಕ್ ಮತ್ತೆ ಕೊಡಬೇಕು, ಕೊಟ್ಟಿದ್ದೀರಾ? ಡೌನ್ ಸಿಂಡ್ರೋಮ್ ಇರುವವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಸೇರಬಹುದು. ವರ್ಷಕ್ಕೆ 1 ಲಕ್ಷದವರೆಗೆ, ಸೇರುವ ಮೊದಲು ವೈದ್ಯಕೀಯ ತಪಾಸಣೆ ಕೇಳುವುದಿಲ್ಲ, ಥೆರಪಿಗೂ ಸಿಗುತ್ತದೆ. ಮಾಸಿಕ ಪೋಷಣಾ ವೇತನಕ್ಕೆ ನಾಡಕಚೇರಿ.

ಎಸ್ಸೆಸ್ಸೆಲ್ಸಿಗೆ ಅವಳ ಪರವಾಗಿ ಬರೆಯುವವರು, ಹೆಚ್ಚಿನ ಸಮಯ, ಇತರ ರಿಯಾಯಿತಿ ಬೇಕಿದ್ದರೆ ಪರೀಕ್ಷೆಗೆ ನೋಂದಾಯಿಸುವಾಗಲೇ ಹೆಡ್‌ಮಾಸ್ಟರ್ ಮೂಲಕ ಕೇಳಬೇಕು. ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಿದರೆ ಕೆಲಸ ಆಗುವುದಿಲ್ಲ. ಪಾಸಾಗದಿದ್ದರೂ ಬಾಗಿಲು ಮುಚ್ಚಲಿಲ್ಲ. ಎನ್‌ಐಓಎಸ್ ಮುಕ್ತ ಶಾಲೆಯಲ್ಲಿ ಒಮ್ಮೆ ಹೆಸರು ಹಚ್ಚಿದರೆ 5 ವರ್ಷದಲ್ಲಿ 9 ಅವಕಾಶ, ಒಂದೊಂದೇ ವಿಷಯ ಬರೆಯಬಹುದು. ನಿಮ್ಮ ಪಂಚಾಯ್ತಿಯಲ್ಲೂ ನನ್ನಂಥವರು ಇರಬೇಕು, ತಾಲ್ಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಹೋಗಿ ಭೇಟಿಯಾಗಿ.


ಕೆಲಗೇರಿ ಅಕ್ಕ

ಅಕ್ಕಾರ, ನಿಮ್ಮ 43 ಮತ್ತು 70ರ ಲೆಕ್ಕ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆ ಲೆಕ್ಕದ ಆಚೆ ದಂಡೆಯಲ್ಲಿ ಇರುವವಳು ನಾನು. ನಿಮ್ಮ ಮಗ ನಾಳೆ ನಿಲ್ಲುವ ಜಾಗದಲ್ಲಿ ಇವತ್ತು ನಿಂತಿದ್ದೇನೆ.

ನಮ್ಮದು ಧಾರವಾಡ. ನನ್ನ ತಮ್ಮನಿಗೆ ಈಗ 31, ಡೌನ್ ಸಿಂಡ್ರೋಮ್. ಅಪ್ಪ ಹುಬ್ಬಳ್ಳಿಯ ರೈಲ್ವೆಯಲ್ಲಿದ್ದರು, ಕೆಲವು ವರ್ಷದ ಹಿಂದೆ ಹೋದರು. ಎರಡು ವರ್ಷದ ಹಿಂದೆ ಅವ್ವನೂ ಹೋದಳು. ಈಗ ಮನೆಯಲ್ಲಿ ನಾನು, ನನ್ನ ಗಂಡ, ಮಗಳು, ತಮ್ಮ.

ಅವನು 18ರವರೆಗೆ ಸ್ಪೆಷಲ್ ಶಾಲೆಗೆ ಹೋದ. ಕೊನೆಯ ದಿನ ಹಾರ ಹಾಕಿ, ಫೋಟೋ ತೆಗೆದು, ಸಿಹಿ ಹಂಚಿದರು. ಮರುದಿನ ಬೆಳಗ್ಗೆ 8 ಗಂಟೆಗೆ ಅವನು ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದ, ಶಾಲೆಯ ವ್ಯಾನು ಬರುತ್ತದೆ ಅಂತ. ಹನ್ನೊಂದು ದಿನ ನಿಂತ. ಹನ್ನೆರಡನೆಯ ದಿನ ಬ್ಯಾಗನ್ನು ಕಾಟಿನ ಕೆಳಗೆ ತಳ್ಳಿ ಟಿವಿ ಮುಂದೆ ಕೂತವನು ಎರಡು ವರ್ಷ ಅಲ್ಲೇ ಕೂತ. "ಆರಾಮ ಅದಾನ ಬಿಡು" ಅನ್ನುತ್ತಿದ್ದಳು ಅವ್ವ. ಆರಾಮ ಇರಲಿಲ್ಲ ಅಕ್ಕಾರ. 14 ಕೆಜಿ ದಪ್ಪಗಾದ. ಮೊದಲು ವಾಕ್ಯ ಜೋಡಿಸಿ ಮಾತಾಡುತ್ತಿದ್ದವನು ಒಂದೊಂದೇ ಶಬ್ದಕ್ಕೆ ಬಂದ. ಹಗಲೆಲ್ಲ ನಿದ್ದೆ. ಸೋಮಾರಿ ಅಂತ ನಾವೆಲ್ಲ ಬೈದೆವು, ನಾನೂ ಬೈದೆ. ಕೊನೆಗೆ ಜ್ವರಕ್ಕೆ ಅಂತ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ತೀರಾ ಕಡಿಮೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಸಾಮಾನ್ಯ. ಶಾಲೆ ಮುಗಿದ ಮಗು ಮಂಕಾದರೆ ಬೇಸರ ಅಂತಷ್ಟೇ ತಿಳಿಯಬೇಡಿ, ವರ್ಷಕ್ಕೊಮ್ಮೆ ಆ ಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದ ಮೇಲೆ ನನ್ನ ತಮ್ಮ ಕಣ್ಣು ತೆರೆದ ಹಾಗಾಯಿತು. ಬೈದದ್ದನ್ನು ಮಾತ್ರ ನಾನು ವಾಪಸು ತೆಗೆದುಕೊಳ್ಳಲಾರೆ.

ಆಮೇಲೆ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಪೇಪರ್ ಕವರ್ ಮಾಡುವುದು. ಮೂರು ವರ್ಷ ಅದನ್ನೇ ಮಾಡಿದ. ಮೊದಲ ವರ್ಷವೇ ಕಲಿತಾಗಿತ್ತು, ಉಳಿದ ಎರಡು ವರ್ಷ ಯಾತಕ್ಕೆ ಅಂತ ನಾವು ಕೇಳಲಿಲ್ಲ. ಅವನು ಮಾಡಿದ ಕವರು ಯಾವ ಅಂಗಡಿಗೂ ಹೋಗಲಿಲ್ಲ, ಅಲ್ಲೇ ಮೂಟೆಯಾಯಿತು. ತರಬೇತಿ ಬೇಡ ಅಂತ ಹೇಳುತ್ತಿಲ್ಲ. ಆದರೆ ಈ ತರಬೇತಿ ಮುಗಿದ ಮೇಲೆ ಇವನು ಯಾವ ಊರಲ್ಲಿ, ಯಾರ ಹತ್ತಿರ, ಏನು ಮಾಡುತ್ತಾನೆ ಅಂತ ಸೇರಿಸುವ ದಿನವೇ ಕೇಳಿ. ಉತ್ತರ ಇಲ್ಲದ ಕಡೆ ವರ್ಷಗಳು ಸುಮ್ಮನೆ ಹೋಗುತ್ತವೆ.

ನನ್ನ ತಮ್ಮನ ದಾರಿ ತೆರೆದದ್ದು ಅವನಿಂದಲೇ. ಮನೆಯಲ್ಲಿ ಅವನು ಯಾರೂ ಹೇಳದೆ ಒಂದು ಕೆಲಸ ಮಾಡುತ್ತಿದ್ದ. ಒಣಗಿದ ಬಟ್ಟೆ, ಚಾದರ, ಪೇಪರು, ಅಂಗಡಿಯಿಂದ ಬಂದ ಚೀಲ, ಏನಿದ್ದರೂ ಮಡಚಿ ಮೂಲೆಗೆ ಮೂಲೆ ಕೂಡಿಸಿ ಇಡುವುದು. ಸ್ವಲ್ಪ ಸೊಟ್ಟ ಆದರೆ ಬಿಚ್ಚಿ ಮತ್ತೆ ಮಡಚುತ್ತಿದ್ದ. ಇಪ್ಪತ್ತು ವರ್ಷ ನಾವು ಅದನ್ನು ಅವನ ಚಟ ಅಂತ ತಿಳಿದಿದ್ದೆವು. ಲೈನ್ ಬಜಾರಿನಲ್ಲಿ ಪೇಡೆ ಅಂಗಡಿ ಇಟ್ಟುಕೊಂಡ ಅಪ್ಪನ ಗೆಳೆಯರೊಬ್ಬರು ಮನೆಗೆ ಬಂದಾಗ ಅದನ್ನು ನೋಡಿ, "ನಮ್ಮ ಹುಡುಗರು ಡಬ್ಬಿ ಮಡಚೂದು ನೋಡಿದ್ರ ಇವನ ಕೈ ಎಷ್ಟ ನೀಟ ಐತಿ" ಅಂದರು. ಆ ಮಾತಿಗೆ ನಾನು ಜೋತುಬಿದ್ದೆ.

ದಿನಕ್ಕೆ ಎರಡು ತಾಸು ಸಾಕು, ಆದರೆ ಮೊದಲ ದಿನದಿಂದಲೇ ಎಷ್ಟಾದರೂ ಆಗಲಿ ಕೂಲಿ ಅವನ ಕೈಗೇ ಕೊಡಬೇಕು ಅಂತ ಕೇಳಿಕೊಂಡೆ. ಒಪ್ಪಿದರು. ಡಬ್ಬಿ ಮಡಚುವುದು ಒಂದೇ ದಿನದಲ್ಲಿ ಬಂತು. ತೂಕ ಕಷ್ಟವಾಯಿತು, ಅವನಿಗೆ ಅಂಕಿ ಓದಲು ಬರುವುದಿಲ್ಲ. ಒಂದು ರಟ್ಟಿನ ಚೂರಿನ ಮೇಲೆ ತಕ್ಕಡಿಯ ಪರದೆಯಲ್ಲಿ ಕಾಣುವ ಹಾಗೆಯೇ 250 ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ಅಂಟಿಸಿದೆ. ಅದೂ ಇದೂ ಒಂದೇ ಥರ ಕಾಣುವವರೆಗೆ ಪೇಡೆ ಹಾಕು ಅಂತ ಹೇಳಿಕೊಟ್ಟೆ. ಈಗ 500ರ ರಟ್ಟೂ ಇದೆ. ಓದಲು ಬರಲಿ ಅಂತ ಕಾದಿದ್ದರೆ ಈ ಕೆಲಸ ಬರುತ್ತಿರಲಿಲ್ಲ. ದೀಪಾವಳಿ ಗದ್ದಲ ಅವನಿಗೆ ಆಗಿಬರುವುದಿಲ್ಲ, ಮೊದಲ ವರ್ಷ ಕಿವಿ ಮುಚ್ಚಿಕೊಂಡು ಕೌಂಟರ್ ಕೆಳಗೆ ಕೂತುಬಿಟ್ಟ. ಮರುವರ್ಷದಿಂದ ಹಬ್ಬದ ವಾರ ಅವನಿಗೆ ಹಿಂದಿನ ಕೋಣೆಯಲ್ಲಿ ಡಬ್ಬಿ ಕೆಲಸ ಮಾತ್ರ. ಈಗ ದಿನಕ್ಕೆ ನಾಲ್ಕು ತಾಸು, ವಾರಕ್ಕೆ ಆರು ದಿನ. ಆರು ವರ್ಷವಾಯಿತು.

ಕೆಲಸಕ್ಕಿಂತ ದೊಡ್ಡ ಪಾಠ ಬಸ್ಸು. ಕೆಲಗೇರಿಯಿಂದ ಸಿಬಿಟಿ (ಸಿಟಿ ಬಸ್ ನಿಲ್ದಾಣ), ಅಲ್ಲಿಂದ ನಡೆದು ಲೈನ್ ಬಜಾರ್. ಮೊದಲ ವಾರ ನಾನು ಪಕ್ಕದಲ್ಲಿ ಕೂತೆ. ಎರಡನೇ ವಾರ ಮೂರು ಸೀಟು ಹಿಂದೆ. ಆಮೇಲೆ ಅವನೊಬ್ಬನೇ ಬಸ್ಸಿನಲ್ಲಿ, ನಾನು ಸ್ಕೂಟಿಯಲ್ಲಿ ಹಿಂದೆ. ಬರುವಾಗ ಬೋರ್ಡು ಓದಲು ಬಾರದವನಿಗೆ ಕೆಲಗೇರಿ ಕೆರೆಯೇ ಗುರುತು: ಕೆರೆ ಕಂಡ ಕೂಡಲೇ ಏಳಬೇಕು. ಏಳನೇ ವಾರ ನಾನು ಹಿಂದೆ ಹೋಗಲಿಲ್ಲ, ಅವನು ಬಂದು ಮುಟ್ಟುವವರೆಗೆ ನೀರು ಕುಡಿಯಲಿಲ್ಲ. ಒಂದು ವರ್ಷದ ನಂತರ ರಸ್ತೆ ಕೆಲಸಕ್ಕೆ ಬಸ್ಸು ಬೇರೆ ದಾರಿ ಹಿಡಿದು, ಕೆರೆ ಕಾಣದೆ ಅವನು ಎಲ್ಲೋ ಇಳಿದ. ಸಂಜೆ 5ಕ್ಕೆ ಬರಬೇಕಾದವನು ರಾತ್ರಿ 9ಕ್ಕೆ ಬಂದ. ಕಿಸೆಯಲ್ಲಿ ನನ್ನ ನಂಬರಿನ ಚೀಟಿ ಇತ್ತು, ಆದರೆ ಅದನ್ನು ಯಾರಿಗೆ ತೋರಿಸಬೇಕು ಅಂತ ನಾವು ಕಲಿಸಿರಲಿಲ್ಲ. ಚಹಾ ಅಂಗಡಿಯವರೊಬ್ಬರು ತಾವಾಗಿ ಕೇಳಿ ಫೋನ್ ಮಾಡಿದರು. ಇನ್ನು ಸಾಕು ಅಂತ ಅಪ್ಪ ಅಂದರು. ಮರುದಿನ ತಮ್ಮ ತಾನೇ ಚಪ್ಪಲಿ ಮೆಟ್ಟಿ, "ಅಕ್ಕಾ, ನಾ ಒಬ್ಬನ ಹೋಗತೀನಿ. ಕೆರಿ ಇಲ್ಲಂದ್ರ ಚಾದಂಗಡಿ" ಅಂದ. ಏಳು ಶಬ್ದ ಒಟ್ಟಿಗೆ ಆಡಿ ಎಷ್ಟೋ ವರ್ಷ ಆಗಿತ್ತು. ಅಪ್ಪನೇ ಹೋಗಿ ಬಸ್ ಹತ್ತಿಸಿ ಬಂದರು.

ನಿಮ್ಮ ಮಗಳಿಗೆ ಶಕ್ತಿ ಯೋಜನೆ ಇದೆ, ಟಿಕೆಟ್ ದುಡ್ಡಿನ ಲೆಕ್ಕವೇ ಬೇಡ. ಗುರುತಿನ ಚೀಟಿ ತೋರಿಸುವುದು, ಶೂನ್ಯ ಟಿಕೆಟ್ ಈಸಿಕೊಂಡು ಇಳಿಯುವವರೆಗೆ ಜೋಪಾನ ಮಾಡುವುದು, ಇಷ್ಟನ್ನು ಈಗಿನಿಂದಲೇ ಅವಳ ಕೈಯಲ್ಲಿ ಮಾಡಿಸಿ. ಹೆಣ್ಣುಮಗಳು ಅಂತ ಹೆದರುತ್ತೀರಿ, ಹೆದರಿಕೆ ಸುಳ್ಳಲ್ಲ. ಆದರೆ ದಾರಿಯಲ್ಲಿ ಹತ್ತು ಜನ ಗುರುತಿರುವ ಹುಡುಗಿಗೆ ಯಾರಿಗೂ ಗೊತ್ತಿಲ್ಲದೆ ಮನೆಯೊಳಗೆ ಇರುವ ಹುಡುಗಿಗಿಂತ ಕಾವಲು ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಕಾಗದದ ವಿಷಯದಲ್ಲಿ ವಿಆರ್‌ಡಬ್ಲ್ಯೂ ಅಕ್ಕ ಹೇಳದೆ ಬಿಟ್ಟದ್ದು ಎರಡು. ಮಗಳಿಗೆ 18 ತುಂಬಿದ ದಿನ ಕಾನೂನಿನ ಪ್ರಕಾರ ನೀವು ಅವಳ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿಯ ಕಾಗದದಲ್ಲಿ ಅವಳದೇ ಸಹಿ. ಅದು ಅವಳಿಂದ ಆಗದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಬ್ಯಾಂಕುಗಳು ಅದನ್ನು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ಪೋಷಕರಾದವರು ಆಸ್ತಿಯ ಪಟ್ಟಿಯನ್ನು 6 ತಿಂಗಳೊಳಗೆ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಆದರೆ ಕೂಡಲೇ ಓಡಿಹೋಗಿ ಮಾಡಿಸಬೇಡಿ. ತನ್ನ ಹೆಸರು ಬರೆಯುವ ಹುಡುಗಿ ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದೇನೋ. 10 ವರ್ಷ ದಾಟಿದ ಮಕ್ಕಳಿಗೆ ತಮ್ಮ ಸಹಿಯ ಖಾತೆ ಕೊಡಲು ಬ್ಯಾಂಕಿಗೆ ಅವಕಾಶವಿದೆ, ಈಗಲೇ ಮಾಡಿಸಿ ಎರಡು ವರ್ಷ ರೂಢಿ ಮಾಡಿಸಿ. 2016ರ ಕಾಯ್ದೆ ಹೇಳುವ ಸೀಮಿತ ಪೋಷಕತ್ವವೂ ಇದೆ: ಒಂದು ನಿರ್ದಿಷ್ಟ ನಿರ್ಧಾರಕ್ಕೆ, ಒಂದು ಅವಧಿಗೆ, ಅವಳ ಜೊತೆ ಕೂಡಿ. ನನ್ನ ತಮ್ಮನಿಗೆ ಆಸ್ತಿಯ ಕಾರಣಕ್ಕೆ ನಾನು ಪೋಷಕಿ ಆಗಲೇಬೇಕಾಯಿತು. ಆದರೂ ಮನೆಗೆ ಬಣ್ಣ ಯಾವುದು ಅಂತ ಅವನನ್ನೂ ಕೇಳಿಯೇ ಹೊಡೆಸಿದ್ದು, ಅವನ ಕೋಣೆ ಹಸಿರು.

ಎರಡನೆಯದು ತೋಟ. ಎಲ್ಲವನ್ನೂ ಮಗನ ಹೆಸರಿಗೆ ಬರೆದು ಅವನ ಒಳ್ಳೆಯತನದ ಮೇಲೆ ಬಿಡಬೇಡಿ. ಅವನು ಒಳ್ಳೆಯವನೇ ಇರಬಹುದು, ಅವನಿಗೂ ಕಾಯಿಲೆ, ಸಾಲ, ಕಷ್ಟ ಬರುತ್ತದೆ. ಮಗಳ ಪಾಲು ಇಂಥದ್ದು, ಅದರ ಆದಾಯ ಅವಳಿಗೇ ಅಂತ ಬರುವ ಹಾಗೆ ಉಯಿಲು ಬರೆಯಿರಿ, ಅಥವಾ ಅವಳ ಹೆಸರಿಗೆ ಒಂದು ಖಾಸಗಿ ಟ್ರಸ್ಟ್ ಮಾಡಿ ಇಬ್ಬರು ಮೂವರು ಟ್ರಸ್ಟಿಗಳನ್ನು ಇಡಿ. ಒಬ್ಬ ವಕೀಲರನ್ನು ಕೂರಿಸಿಕೊಂಡು ಮಾಡಬೇಕಾದ ಕೆಲಸ ಇದು. ಓದುತ್ತಿರುವ ಬೇರೆಯವರಲ್ಲಿ ಕೇಂದ್ರ ಸರ್ಕಾರ, ರೈಲ್ವೆ ಪಿಂಚಣಿದಾರರು ಇದ್ದರೆ, ದುಡಿದು ಬದುಕಲಾರದ ವಿಕಲಚೇತನ ಮಗ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ. ನೀವು ಇರುವಾಗಲೇ ಅವರ ಹೆಸರನ್ನು ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶ) ಸೇರಿಸಿ. ಅಪ್ಪ ಸೇರಿಸಿರಲಿಲ್ಲ. ಅವ್ವ ಹೋದ ಮೇಲೆ ತಮ್ಮನನ್ನು ಕರೆದುಕೊಂಡು ಒಂದು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದೆ ಅಂತ ಲೆಕ್ಕವಿಲ್ಲ. ಒಬ್ಬರು ಅವನನ್ನು ನೋಡಿಯೂ "ಇವರು ಜೀವಂತ ಇದ್ದಾರೆ ಅಂತ ಸರ್ಟಿಫಿಕೇಟ್ ತನ್ನಿ" ಅಂದರು. ಅವನು ಅವರಿಗೆ ನಮಸ್ಕಾರ ಮಾಡುತ್ತಿದ್ದ.

ಕೊನೆಗೆ ನಿಮ್ಮ ಮಗನ ಮಾತು. ಅಪ್ಪನ ದಿನಕಾರ್ಯದ ದಿವಸ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತು, "ಅಕ್ಕ ಅದಾಳಲ್ಲ, ಚಿಂತಿಲ್ಲ" ಅಂತ ತೀರ್ಮಾನ ಮಾಡಿದರು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ, ಪ್ರೀತಿಯಿಂದ ಅನ್ನುತ್ತಿದ್ದೆ. ಆದರೆ ಕೇಳಬೇಕಿತ್ತು. ಮಗ ಮುಂದಿನ ಸಲ ಊರಿಗೆ ಬಂದಾಗ ಎದುರು ಕೂರಿಸಿಕೊಂಡು ಕೇಳಿ: ನಿನ್ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ.

"ಇಂಥದ್ದರಲ್ಲಿ ಜಾಣೆ ಅಂತ ಹೇಳುವುದಕ್ಕೆ ಏನೂ ಹೊಳೆಯುವುದಿಲ್ಲ" ಅಂತ ಬರೆದಿದ್ದೀರಿ. ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಇಟ್ಟು ಹತ್ತು ದಿನ, ಅವಳು ಯಾರೂ ಹೇಳದೆ ತಾನಾಗಿ ಏನೇನು ಮಾಡುತ್ತಾಳೆ ಅಂತ ಮಾತ್ರ ಬರೆಯಿರಿ. ಆಮೇಲೆ ಇಲ್ಲಿ ಹಾಕಿ.


ಸಿಪಿ ಹುಡುಗ, ಬೆಂಗಳೂರು

ಆಂಟಿ, ನನಗೆ 24, ಸೆರೆಬ್ರಲ್ ಪಾಲ್ಸಿ. ವೀಲ್‌ಚೇರ್ ಬಳಸುತ್ತೇನೆ, ಬಿಕಾಂ ಮುಗಿಸಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಕಾಲೇಜಿನಲ್ಲಿ 5% ಮೀಸಲು, ಇವೆಲ್ಲ ನನಗೆ ನೆರವಾದವು. ನಿಮ್ಮ ಮಗಳ ದಾರಿ ಬೇರೆ, ಹಾಗಾಗಿ ಒಂದೇ ವಿಷಯ ಹೇಳುತ್ತೇನೆ.

ನನ್ನ ಹತ್ತನೇ ಕ್ಲಾಸ್ ಆದ ಮೇಲೆ ಅಪ್ಪ, ಅಮ್ಮ, ಮಾವ, ಫಿಸಿಯೋಥೆರಪಿ ಸರ್ ನಮ್ಮ ಹಾಲ್‌ನಲ್ಲಿ ಕೂತು ಒಂದೂವರೆ ಗಂಟೆ ನನ್ನ ಭವಿಷ್ಯದ ಬಗ್ಗೆ ಮಾತಾಡಿದರು. ನಾನು ಅದೇ ಹಾಲ್‌ನಲ್ಲಿದ್ದೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ನೀವು ಬರೆದ ಮೊಸರನ್ನದ ಸಾಲು ಓದಿದಾಗ ಅದೇ ನೆನಪಾಯಿತು. ಅವಳಿಗೆ ಎಲ್ಲ ಕೇಳಿಸಿರುತ್ತದೆ ಆಂಟಿ.

ಮಾತಿನಲ್ಲಿ ಕೇಳಿದರೆ ಉತ್ತರ ಬರದೇ ಇರಬಹುದು. ಕರೆದುಕೊಂಡು ಹೋಗಿ ತೋರಿಸಿ. ನರ್ಸರಿ, ಬೇಕರಿ, ಹೊಲಿಗೆ ಅಂಗಡಿ, ಒಂದೊಂದು ಕಡೆ ಅರ್ಧ ದಿನ ಬಿಡಿ. ಎರಡು ಫೋಟೋ ಮುಂದೆ ಇಟ್ಟು ಯಾವುದು ಬೇಕು ಅಂತ ಕೇಳಿ. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ ಸಂಸ್ಥೆಯಲ್ಲಿ ತೋಟಗಾರಿಕೆ ತರಬೇತಿ ಇದೆ, ಕೆಲಸಕ್ಕೆ ತಯಾರು ಮಾಡುವುದರಲ್ಲಿ ಎನೇಬಲ್ ಇಂಡಿಯಾ, ಸಮರ್ಥನಂ ಇವೆ. ಹುಬ್ಬಳ್ಳಿಯಲ್ಲಿ 2017ರಲ್ಲಿ ಶುರುವಾದ ಮಿಟ್ಟಿ ಕೆಫೆಯಲ್ಲಿ ಡೌನ್ ಸಿಂಡ್ರೋಮ್ ಇರುವವರು ಗಿರಾಕಿಗಳಿಗೆ ಚಹಾ ಕೊಡುತ್ತಾರೆ. ಒಮ್ಮೆ ಅವಳನ್ನು ಇಂಥ ಕಡೆ ಕರೆದುಕೊಂಡು ಹೋಗಿ, ತನ್ನಂಥವರು ಏಪ್ರನ್ ಹಾಕಿ ಕೆಲಸ ಮಾಡುವುದನ್ನು ಅವಳೂ ನೋಡಲಿ.


ಸಾಗರದ ಅಮ್ಮ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ವಿಆರ್‌ಡಬ್ಲ್ಯೂ ಮೇಡಂ ಬರೆದದ್ದನ್ನು ಯಜಮಾನರು ಆ ನೆಂಟರಿಗೆ ಓದಿ ಹೇಳಿದರು. ಆ ಮಾತು ಅಲ್ಲಿಗೆ ಮುಗಿಯಿತು. ಯುಡಿಐಡಿ ಕಾರ್ಡಿನ ಅವಧಿ ಬರುವ ಮಾರ್ಚ್‌ಗೆ ಮುಗಿಯುತ್ತಿತ್ತು, ನಾವು ನೋಡಿಯೇ ಇರಲಿಲ್ಲ.

ಅಕ್ಕ ಹೇಳಿದ ಹಾಗೆ ಹತ್ತು ದಿನ ಬರೆದೆ. ಮೊದಲ ಎರಡು ದಿನ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಹೀಗೆ.

ಬೆಳಗ್ಗೆ ಎದ್ದವಳೇ ಕೋಳಿ ಗೂಡಿನ ಬಾಗಿಲು ತೆಗೆಯುತ್ತಾಳೆ. ಮೊಟ್ಟೆಯನ್ನು ಲಂಗದಲ್ಲಿ ಹಾಕಿಕೊಂಡು ಬರುತ್ತಾಳೆ, ಈ ಹತ್ತು ದಿನದಲ್ಲಿ ಒಂದೂ ಒಡೆದಿಲ್ಲ. ಶಾಲೆಯಿಂದ ಬಂದು ನಾನು ಅಡಿಕೆ ಆರಿಸುವಾಗ ಪಕ್ಕ ಕೂತು ಅವಳೂ ಆರಿಸುತ್ತಾಳೆ. ಆಟಕ್ಕೆ ಅಂತ ತಿಳಿದಿದ್ದೆ. ಮೊನ್ನೆ ಅವಳ ರಾಶಿಯನ್ನು ಯಜಮಾನರಿಗೆ ತೋರಿಸಿದೆ. ಅಡಿಕೆಯ ದರ್ಜೆ ನೋಡಿ ವಿಂಗಡಿಸಿದ್ದಳು: ಬೆಟ್ಟೆ ಬೇರೆ, ಗೊರಬಲು ಬೇರೆ, ಒಡೆದದ್ದು ಬೇರೆ. ಅವರು ಒಂದು ಮುಷ್ಟಿ ತೆಗೆದು ನೋಡಿದರು, ಇನ್ನೊಂದು ಮುಷ್ಟಿ ತೆಗೆದು ನೋಡಿದರು, ಏನೂ ಹೇಳದೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಬಂದು ಅವಳ ಕೈಗೆ 50 ರೂಪಾಯಿ ಕೊಟ್ಟರು. ಸಂಜೆ 5:40ರ ಬಸ್ಸು ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತಾಳೆ. ಯಾರು ಇಳಿದರು ಅಂತ ಬಂದು ಅಜ್ಜಿಗೆ ಹೇಳುತ್ತಾಳೆ. ದಿನಾ.

ಆದರೆ ಅಕ್ಕ, ಅಡಿಕೆ ಅಂದರೆ ಮತ್ತೆ ಮನೆಯೇ ಆಯಿತಲ್ಲ? ಮೇಷ್ಟರು ಹೇಳಿದ್ದೂ ಅದೇ ಅಲ್ಲವಾ?


ಕೆಲಗೇರಿ ಅಕ್ಕ

ಕೆಲಸ ಅದೇ ಇರಲಿ ಅಕ್ಕಾರ, ಜಾಗ ಬೇರೆ ಆಗಲಿ. ನಿಮ್ಮ ಊರಿನಲ್ಲಿ ಹೆಂಗಸರು ಒಟ್ಟು ಕೂತು ಅಡಿಕೆ ಆರಿಸುವ ಮನೆ ಇರಬೇಕಲ್ಲ, ಮಂಡಿ, ಸಂಘದ ಗೋದಾಮು ಅಂತ ಏನಾದರೂ? ಯಜಮಾನರಿಗೆ ಸಂಘದಲ್ಲಿ ಪರಿಚಯ ಇದೆ ಅಂದಿರಿ. ಅಲ್ಲಿಗೆ ಅವಳು ಹೊರಟು ಹೋಗಬೇಕು, ಬೇರೆಯವರ ಜೊತೆ ಕೂತು ಊಟದ ಡಬ್ಬಿ ಬಿಚ್ಚಬೇಕು, ವಾರಕ್ಕೊಮ್ಮೆ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೂಲಿ ಈಸಿಕೊಳ್ಳಬೇಕು. ಮನೆಯಲ್ಲಿ ಆರಿಸಿದರೆ ಅದು ಅಮ್ಮನಿಗೆ ಆಸರೆ, ಅಲ್ಲಿ ಆರಿಸಿದರೆ ಅದು ಅವಳ ಕೆಲಸ. ಸುಲಿಯುವ ಕತ್ತಿಯ ಹತ್ತಿರ ಮಾತ್ರ ಮೊದಮೊದಲು ಬಿಡಬೇಡಿ.

ಸುಗ್ಗಿ ಮುಗಿದ ಮೇಲೆ ಆ ಕೆಲಸ ಇರುವುದಿಲ್ಲ, ಅದಕ್ಕೆ ಕೋಳಿ ಇದೆ. ಹತ್ತು ಕೋಳಿ ಅವಳವೇ ಆಗಲಿ, ಮೊಟ್ಟೆ ಮಾರಿದ ದುಡ್ಡು ಅವಳ ಖಾತೆಗೆ ಹೋಗಲಿ. ಒಂದೇ ಕೆಲಸದಿಂದ ವರ್ಷ ತುಂಬಬೇಕು ಅಂತ ಎಲ್ಲಿದೆ, ನಿಮ್ಮ ತೋಟದಲ್ಲೂ ಅಡಿಕೆ ಒಂದೇ ಇಲ್ಲವಲ್ಲ. ಸಾಗರ ಪೇಟೆಯಲ್ಲಿ ನರ್ಸರಿ ಇದ್ದರೆ ಬೇಸಿಗೆ ರಜೆಯಲ್ಲಿ ಎರಡು ವಾರ ಬಿಟ್ಟು ನೋಡಿ. ಶಾಲೆ ಇನ್ನೂ ಒಂದು ವರ್ಷ ಇದೆ ಅನ್ನುವುದೇ ನಿಮ್ಮ ಭಾಗ್ಯ. ನಮಗೆ ಅದು ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದೆರಡು ತಾಸು ಆ ಆರಿಸುವ ಮನೆಯಲ್ಲಿ ಕೂರುವುದು ಈ ಸುಗ್ಗಿಯಿಂದಲೇ ಶುರುವಾಗಲಿ. ಆಗ ಶಾಲೆಯ ಕೊನೆಯ ದಿನದ ಮರುದಿನ ಅವಳು ಗೇಟಿನ ಹತ್ತಿರ ನಿಂತರೂ ಹೋಗುವುದಕ್ಕೆ ಒಂದು ಜಾಗ ಇರುತ್ತದೆ.

ಅವಳನ್ನು ಕೇಳಿದಿರಾ?


ಸಾಗರದ ಅಮ್ಮ

ಕೇಳಿದೆ. ಬಾಯಲ್ಲಿ ಹೇಳಲಿಲ್ಲ. ಆ ಹುಡುಗ ಬರೆದ ಹಾಗೆ ಎರಡು ಫೋಟೋ ಇಟ್ಟೆ, ನಮ್ಮ ಮನೆ ಜಗಲಿಯಲ್ಲಿ ಅಡಿಕೆ ರಾಶಿಯದು ಒಂದು, ಮೂರು ಕಿಲೋಮೀಟರ್ ಆಚೆ ಹೆಂಗಸರು ಕೂತು ಆರಿಸುವ ಮನೆಯದು ಒಂದು. ಎರಡನ್ನೂ ಬದಿಗೆ ಸರಿಸಿ ಒಳಗೆ ಹೋದಳು. ಬೇಡವೇನೋ ಅಂದುಕೊಂಡೆ. ಟಿಫಿನ್ ಡಬ್ಬಿ ತಂದು ಎರಡನೇ ಫೋಟೋದ ಮೇಲೆ ಇಟ್ಟು, "ಬಸ್ಸು" ಅಂದಳು.

ಬರುವ ಶನಿವಾರ ನಾನು ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತೇನೆ. ಮಗ ದೀಪಾವಳಿಗೆ ಬರುತ್ತಾನೆ, ಅವನ ಹತ್ತಿರ ಮಾತಾಡಬೇಕು. ಇಳಿಯುವ ಜಾಗಕ್ಕೆ ಗುರುತು ಏನು ಹೇಳಿಕೊಡಲಿ ಅಂತ ಯೋಚಿಸುತ್ತಿದ್ದೇನೆ. ನಮ್ಮ ದಾರಿಯಲ್ಲಿ ಕೆರೆ ಇಲ್ಲ, ತಿರುವಿನಲ್ಲಿ ಒಂದು ದೊಡ್ಡ ಹಲಸಿನ ಮರ ಇದೆ.